ಗಾಜು ಆರುವ ತನಕ

ರಾಳ ಮತ್ತು ಜೇನುಮೇಣ ಒಂದೇ ಬೋಗುಣಿಯಲ್ಲಿ ಕರಗುವಾಗ ಬರುವ ವಾಸನೆ ಇಂದಿಗೂ ನನ್ನ ಮೂಗಿನಲ್ಲಿದೆ. ನನಗಾಗ ಆರೋ ಏಳೋ ವರ್ಷ. ಶಾಲೆಗೆ ಹೋಗುವ ದಾರಿಯಲ್ಲಿ ಗಾಜು ಉಜ್ಜುವುದನ್ನು ಕಲಿಸುವ ತರಬೇತಿ ಕೇಂದ್ರದ ಹಿಂಗೋಡೆ ಸಿಗುತ್ತಿತ್ತು. ಊರವರು ಅದನ್ನು ಗಾಜಿನ ಸಾಲಿ ಎನ್ನುತ್ತಿದ್ದರು. ಗೋಡೆಯಲ್ಲಿ ಇಟ್ಟಿಗೆ ಉದುರಿ ಒಂದು ತೂತಾಗಿತ್ತು. ಆ ತೂತಿನಿಂದ ವಾಸನೆ ಹೊರಗೆ ಬರುತ್ತಿತ್ತು, ಸ್ವಲ್ಪ ಧೂಪದ ಹಾಗೆ, ಸ್ವಲ್ಪ ಸೀದ ಬೆಲ್ಲದ ಹಾಗೆ. ನಾನು ತೂತಿಗೆ ಮೂಗು ಒತ್ತಿ ನಿಂತುಬಿಡುತ್ತಿದ್ದೆ. ಒಂದು ದಿನ ಒಳಗಿದ್ದವರು ಯಾರೋ ಬೆಚ್ಚಗಿನ ರಾಳದ ಗೋಲಿಯೊಂದನ್ನು ತೂತಿನಿಂದ ನನ್ನ ಕಡೆ ನೂಕಿದರು. ಮುಖ ಕಾಣಲಿಲ್ಲ. ಆ ಗೋಲಿ ಪಾಟೀಚೀಲದಲ್ಲಿ ಗಟ್ಟಿಯಾಗಿ, ನಾನು ನಾಲ್ಕನೆಯ ಇಯತ್ತೆ ಮುಗಿಸುವವರೆಗೆ ನನ್ನ ಬಳಿ ಇತ್ತು.

ನಮ್ಮ ಊರಿನಲ್ಲಿ ಬೆಳಕು ತಾನಾಗಿ ಹೊಸ್ತಿಲು ದಾಟುವುದಿಲ್ಲ. ಬಿಸಿಲು ಮೆಟ್ಟಿಲವರೆಗೆ ಬರುತ್ತದೆ, ಅಲ್ಲೇ ನಿಲ್ಲುತ್ತದೆ. ಬಾಗಿಲು ಪೂರ್ತಿ ತೆರೆದರೂ ಅಷ್ಟೆ, ಕಿಟಕಿ ಇಟ್ಟರೂ ಅಷ್ಟೆ. ಒಲೆಯ ಬೆಂಕಿ ಒಲೆಯೊಳಗೆ ಕೆಂಪಗೆ ಕಾಣುತ್ತದೆ, ಅದರ ಮುಂದೆ ಕುಳಿತವಳ ಮೂಗು ಕಾಣುವುದಿಲ್ಲ. ಬಾಗಿಲ ಮೇಲಿನ ಚೌಕಟ್ಟಿನಲ್ಲಿ ಒಂದು ಗೇಣು ಅಗಲದ, ಎರಡು ಬೆರಳು ದಪ್ಪದ, ಸರಿಯಾಗಿ ಉಜ್ಜಿದ ಗಾಜು ಕೂತರೆ ಮಾತ್ರ ಮನೆಯೊಳಗೆ ಹಗಲಾಗುತ್ತದೆ. ಪಕ್ಕದ ಊರಿನ ಕಾಲೇಜಿನಲ್ಲಿ ನಾನು ಬಿಎಸ್ಸಿ ಓದಿದೆ. ಅಲ್ಲಿಯ ಪುಸ್ತಕದಲ್ಲಿ ಬೆಳಕು ಎಲ್ಲಿಗೆ ಬೇಕಾದರೂ ಹೋಗುತ್ತಿತ್ತು. ನಮ್ಮ ಊರಿನ ಸಂಗತಿಯನ್ನು ಪ್ರೊಫೆಸರರಿಗೆ ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಪರೀಕ್ಷೆಯಲ್ಲಿ ಮಾತ್ರ ಅದನ್ನು ಬರೆಯಬೇಡಮ್ಮ" ಅಂದರು. ನಾನು ಬರೆಯಲಿಲ್ಲ. ಪದವಿ ಪಡೆದು ಊರಿಗೆ ಬಂದೆ, ಗಾಜಿನ ಸಾಲಿಯಲ್ಲಿ ಎರಡು ವರ್ಷ ಕಲಿತೆ, ಆಮೇಲೆ ಅಲ್ಲೇ ಮೂವತ್ತೆಂಟು ವರ್ಷ ಕಲಿಸಿದೆ.

ಕಲಿಯಲು ಬಂದವರಿಗೆ ಮೊದಲ ತಿಂಗಳು ಗಾಜು ಕೊಡುವುದಿಲ್ಲ, ಕೈ ತೊಳೆಯುವುದನ್ನು ಕಲಿಸುತ್ತೇವೆ. ಗಾಜು ಉಜ್ಜುವ ಕುರುಂದದ ಪುಡಿಯಲ್ಲಿ ಐದು ತರ, ರವೆಯಷ್ಟು ದಪ್ಪದ್ದರಿಂದ ಹಿಟ್ಟಿನಷ್ಟು ನುಣ್ಣನೆಯದರವರೆಗೆ. ಒಂದೊಂದಕ್ಕೂ ಬೇರೆ ಕೋಣೆ, ಬೇರೆ ಬಾನಿ, ಬೇರೆ ಅರಿವೆ. ದಪ್ಪ ಪುಡಿಯ ಒಂದೇ ಒಂದು ಕಾಳು ಉಗುರಿನ ಸಂದಿಯಲ್ಲಿ ಕೂತು ಮುಂದಿನ ಕೋಣೆಗೆ ಬಂದರೂ ಹದಿನೈದು ದಿನದ ಕೆಲಸಕ್ಕೆ ಗೀರು ಬೀಳುತ್ತದೆ. ಕೊನೆಗೆ ರಾಳದ ಹಾಸಿನ ಮೇಲೆ ಕೆಂಪು ಪುಡಿ ಕಲಸಿ ಹೊಳಪು ಕೊಡುತ್ತೇವೆ. ಹೊಳಪಾದ ಗಾಜನ್ನು ಮಾದರಿ ಗಾಜಿನ ಮೇಲೆ ಇಟ್ಟರೆ ಎರಡರ ನಡುವೆ ಬಣ್ಣದ ಗೆರೆಗಳು ಮೂಡುತ್ತವೆ. ಗೆರೆಗಳು ನೆಟ್ಟಗಿದ್ದರೆ ಗಾಜು ಸರಿ, ಕೂದಲೆಳೆಯಷ್ಟು ಬಾಗಿದರೂ ಮತ್ತೆ ಉಜ್ಜಬೇಕು. ಇಷ್ಟೆಲ್ಲ ಮಾಡಿದವರೂ ತಪ್ಪುವುದು ಒಂದು ಕಡೆ. ಗಾಜನ್ನು ಆರಲು ಬಿಡುವುದಿಲ್ಲ. ಅಂಗೈಯ ಬಿಸಿ ತಾಗಿದ ಗಾಜು ಕಣ್ಣಿಗೆ ಕಾಣದಷ್ಟು ಉಬ್ಬಿರುತ್ತದೆ, ಅದು ತಣ್ಣಗಾಗಲು ಎರಡು ಮೂರು ತಾಸು ಬೇಕು. ಅಷ್ಟರೊಳಗೆ ನೋಡಿದ್ದು ಏನೂ ನಿಜವಲ್ಲ.

ತಪ್ಪಿದ ಗಾಜು ಬೆಳಕನ್ನು ಒಳಗೆ ತರುತ್ತದೆ, ಆದರೆ ಮನೆಯ ಒಬ್ಬರನ್ನು ಬಿಟ್ಟುಬಿಡುತ್ತದೆ. ಗೋಡೆ, ಗಡಿಗೆ, ಬೆಕ್ಕು ಎಲ್ಲ ಕಾಣುತ್ತವೆ. ಆ ಒಬ್ಬರು ನಿಂತ ಜಾಗದಲ್ಲಿ ಮನುಷ್ಯನ ಆಕಾರದ ಕತ್ತಲೆ ನಿಂತಿರುತ್ತದೆ. ನಮ್ಮ ಊರವರು ಇದಕ್ಕೂ ಹೊಂದಿಕೊಂಡಿದ್ದಾರೆ. ಬಿಟ್ಟುಹೋದವರು ಕಾಲಿಗೆ ಗೆಜ್ಜೆ ಕಟ್ಟಿಕೊಳ್ಳುತ್ತಾರೆ, ಇಲ್ಲವೆ ಏನಾದರೂ ಗುನುಗುತ್ತ ಓಡಾಡುತ್ತಾರೆ, ಯಾರಾದರೂ ಡಿಕ್ಕಿ ಹೊಡೆಯಬಾರದು ನೋಡಿ. ಹೊಸ ಗಾಜಿಗೆ ಸರದಿಯಲ್ಲಿ ಆರು ತಿಂಗಳು ಕಾಯಬೇಕಾಗುತ್ತದೆ, ಆದ್ದರಿಂದ ಎಷ್ಟೋ ಮನೆಗಳಲ್ಲಿ ಬಿಟ್ಟುಹೋದವರು ಬಿಟ್ಟುಹೋದ ಹಾಗೇ ಇದ್ದುಬಿಡುತ್ತಾರೆ.

ಅದಕ್ಕೇ ನಮ್ಮಲ್ಲಿ ಕೊನೆಯ ಪರೀಕ್ಷೆ ಸಾಲಿಯಲ್ಲಿ ನಡೆಯುವುದಿಲ್ಲ, ಮನೆಯೊಂದರಲ್ಲಿ ನಡೆಯುತ್ತದೆ. ಕಲಿತವರು ತಾವು ಉಜ್ಜಿದ ಗಾಜನ್ನು ಬೆಳಿಗ್ಗೆ ಗಾಜಿಲ್ಲದ ಮನೆಗೆ ಕೂಡಿಸಿ, ಆ ಮನೆಯಲ್ಲೇ ಕೂತಿರಬೇಕು. ಕೂಡಿಸಿದ ಮೇಲೆ ಗಾಜನ್ನು ಮುಟ್ಟುವ ಹಾಗಿಲ್ಲ. ಮನೆಯವರಿಗೆ ಒಪ್ಪಿಗೆಯಾದರೆ ಊಟ ಬಡಿಸುತ್ತಾರೆ, ಅದೇ ಪಾಸು. ಒಪ್ಪಿಗೆಯಾಗದಿದ್ದರೆ ಒಂದು ತಂಬಿಗೆ ನೀರು ಕೊಟ್ಟು ಕಳಿಸುತ್ತಾರೆ. ಮಧ್ಯಾಹ್ನ ಮನೆಯ ನೆರಳು ಹೊರಗಿನ ಮೂರನೆಯ ಮೆಟ್ಟಿಲನ್ನು ಮುಟ್ಟುವುದರೊಳಗೆ ತಟ್ಟೆ ಬರದಿದ್ದರೆ ಅದೂ ನೀರೇ ಎಂದು ಲೆಕ್ಕ. ಸಾಲಿಯಿಂದ ನಿವೃತ್ತರಾದ ಒಬ್ಬರು ಜೊತೆಗೆ ಹೋಗುತ್ತಾರೆ. ಸಾಲಿ ಬಿಟ್ಟ ಹೊತ್ತಿನಿಂದ ಊಟದವರೆಗೆ ಅವರು ಗಾಜಿನ ಬಗ್ಗೆ ತುಟಿ ಬಿಚ್ಚಬಾರದು. ಬಿಚ್ಚಿದರೆ ಆ ಸರದಿ ಅಲ್ಲಿಗೇ ಮುಗಿಯಿತು.

ನಾನು ಪರೀಕ್ಷೆಗೆ ಕೂತಾಗ ನನಗೆ ಇಪ್ಪತ್ತಮೂರು. ದೊಡ್ಡ ಮನೆ, ಏಳು ಜನ. ಬೆಳಕು ಬಂದ ಕೂಡಲೇ ಎಲ್ಲರೂ ಹೊಗಳಿದರು. ಬಲು ಬೇಗ ಊಟ ಬಂತು. ತಟ್ಟೆ ನೀಡಿದ ಕೈ ಕಪ್ಪಗಿತ್ತು. ಅಡುಗೆಮನೆಯ ಬಾಗಿಲ ನೆರಳಿರಬೇಕು ಅಂದುಕೊಂಡೆ, ಅಂದುಕೊಳ್ಳುವುದು ಅವತ್ತು ನನಗೆ ಸುಲಭವಾಗಿತ್ತು. ಎರಡು ರೊಟ್ಟಿ ಹೆಚ್ಚೇ ಉಂಡೆ. ಮೂರು ವರ್ಷದ ಮೇಲೆ ಆ ಮನೆಯ ಹುಡುಗಿಯೊಬ್ಬಳು ಸಂತೆಯಲ್ಲಿ ಸಿಕ್ಕಿ, "ನಮ್ಮ ಸಣ್ಣವ್ವನ್ನ ಕತ್ತಲ್ಯಾಗ ಇಟ್ಟಾಕಿ ನೀವ ಹೌದಲ್ರಿ?" ಎಂದು ಕೇಳಿದಳು. ಸಿಟ್ಟಿನಿಂದಲ್ಲ, ಗುರುತು ಹಿಡಿದು ಮಾತಾಡಿಸುವವರ ಹಾಗೆ. ಹದಿನೈದು ದಿನ ಹಗಲೂ ರಾತ್ರಿ ಉಜ್ಜಿ ಹೊಸ ಗಾಜು ಒಯ್ದು ಕೂಡಿಸಿದೆ. ಬೆಳಕು ಮೈಮೇಲೆ ಬಿದ್ದ ಕೂಡಲೇ ಶಾವಂತ್ರವ್ವ ಎಂಬ ಆ ಹೆಂಗಸು ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಬಾಗಿಲ ಹಿಂದೆ ಸರಿದಳು. "ಇರಲಿ ಬಿಡ್ರಿ ಅಕ್ಕಾರ, ನನಗ ರೂಢಿ ಆಗೇತಿ" ಅಂದಳು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲ ಹಿಂದಿನಿಂದಲೇ, "ಅವತ್ತ ನೀವು ಎರಡ ರೊಟ್ಟಿ ಜಾಸ್ತಿ ಉಂಡ್ರಿ ನೋಡ್ರಿ, ನನಗ ಭಾಳ ಖುಷಿ ಆಗಿತ್ತು" ಅಂದಳು. ಅವಳ ಮುಖವನ್ನು ನಾನು ಕೊನೆಗೂ ನೋಡಲಿಲ್ಲ. ಅಂದಿನಿಂದ ನನ್ನ ಹತ್ತಿರ ಕಲಿತವರಿಗೆಲ್ಲ ಒಂದೇ ಮಾತು ಹೇಳುತ್ತ ಬಂದೆ: ಬೆಳಕು ಬಂದ ಮೇಲೆ ಬೆಳಕನ್ನು ನೋಡಬೇಡಿ, ತಲೆ ಎಣಿಸಿ.

ನಾನು ನಿವೃತ್ತಳಾಗುವ ವರ್ಷ ಯಮನವ್ವ ಸಾಲಿಗೆ ಸೇರಿದಳು. ಆಗ ಅವಳಿಗೆ ನಲವತ್ತೊಂದು. ಬಸ್ ನಿಲ್ದಾಣದ ಎದುರಿನ ಖಾನಾವಳಿಯಲ್ಲಿ ಹನ್ನೊಂದನೆಯ ವಯಸ್ಸಿನಿಂದ ರೊಟ್ಟಿ ಬಡಿದವಳು. ಆ ಖಾನಾವಳಿಯ ಮುಂಬಾಗಿಲಿಗೆ ಒಳ್ಳೆಯ ಗಾಜಿದೆ, ಉಣ್ಣುವವರಿಗೆ ಝುಣಕದ ಬಣ್ಣವೂ ಕಾಣುತ್ತದೆ. ರೊಟ್ಟಿ ಬಡಿಯುವ ಕೋಣೆಯ ಬಾಗಿಲು ಹಿತ್ತಲಿಗಿದೆ. ಹಿತ್ತಲ ಬಾಗಿಲಿಗೆ ಗಾಜು ಕೂಡಿಸಲು ಪಾಸಾದವರು ಯಾರೂ ಹೋಗುವುದಿಲ್ಲ, ಅದು ರೂಢಿಯಲ್ಲಿಲ್ಲ. ಯಾಕೆ ಕಲಿಯಲು ಬಂದೆ ಎಂದು ಮೊದಲ ದಿನ ಕೇಳಿದಾಗ ಅವಳು, "ಸರ್ಟಿಫಿಕೇಟ್ ಗ್ವಾಡಿಗೆ ಹಾಕಾಕ ಅಲ್ರಿ ಅಕ್ಕಾರ" ಅಂದಳು. "ಆ ಹಿಂದಿನ ಖೋಲ್ಯಾಗ ಇನ್ನೂ ನಾಕ ಮಂದಿ ಹೆಣ್ಮಕ್ಕಳು ಅದಾರ. ಮೂವತ್ತ ವರ್ಷ ಬಾಜೂಕ ಕುಂತು ರೊಟ್ಟಿ ಬಡದೀವಿ. ಒಬ್ಬರ ಮಾರಿ ಒಬ್ಬರು ಹೊರಗ ಬಂದಾಗ ಅಷ್ಟ ನೋಡೀವಿ. ಅಲ್ಲೊಂದು ಗಾಜು ಕೂಡಸಬೇಕ್ರಿ." ಪಾಸಾಗದವರು ಯಾವ ಬಾಗಿಲಿಗೂ ಗಾಜು ಕೂಡಿಸುವಂತಿಲ್ಲ. ಮೂರು ಸಲ ನೀರು ಕುಡಿದು ಬಂದವರಿಗೆ ಸಾಲಿಯ ಬಾಗಿಲೂ ಮುಚ್ಚುತ್ತದೆ.

ಅವಳಷ್ಟು ಚೆನ್ನಾಗಿ ಕೈ ತೊಳೆಯುವವರನ್ನು ನಾನು ನೋಡಿಲ್ಲ. ಹಿಟ್ಟು ನಾದಿದ ಕೈ, ಒತ್ತಡ ಎಲ್ಲಿ ಎಷ್ಟು ಎಂದು ಅದಕ್ಕೆ ಹೇಳಿಕೊಡಬೇಕಾಗಿರಲಿಲ್ಲ. ತೊಂದರೆ ಇದ್ದದ್ದು ಒಂದೇ. ಮೂವತ್ತು ವರ್ಷ ಹಂಚಿನ ಮುಂದೆ ಇದ್ದ ಅಂಗೈ ಸದಾ ಕಾದಿರುತ್ತಿತ್ತು. ಅವಳು ಮುಟ್ಟಿದ ಗಾಜು ಬೇರೆಯವರ ಗಾಜಿಗಿಂತ ಎರಡು ಪಟ್ಟು ಹೊತ್ತು ಆರದೆ ಇರುತ್ತಿತ್ತು, ಬಣ್ಣದ ಗೆರೆಗಳು ಬಿಲ್ಲಿನ ಹಾಗೆ ಬಾಗುತ್ತಿದ್ದವು. "ನನ್ನ ಅಂಗೈ ಅಲ್ರಿ ಇವು, ಒಲಿ" ಎಂದು ನಗುತ್ತಿದ್ದಳು. ಅವಳ ಜೊತೆ ಕಲಿಯುತ್ತಿದ್ದ ದಸ್ತಗೀರ ಮೊದಲು ಸೈಕಲ್ ರಿಪೇರಿ ಮಾಡುತ್ತಿದ್ದವನು, ಮಾತು ಕಡಿಮೆ. ದಿನಾ ಬೆಳಿಗ್ಗೆ ಹೊಸ ನೀರಿನ ಮಣ್ಣಿನ ಮಗೆಯೊಂದನ್ನು ಅವಳ ಮಣೆಯ ಪಕ್ಕ ಇಟ್ಟು ಹೋಗುತ್ತಿದ್ದ. ಯಾಕಪ್ಪಾ ಎಂದು ಕೇಳಿದರೆ, "ನನಗ ನೀರಡಿಕಿ ಜಾಸ್ತಿರಿ" ಅನ್ನುತ್ತಿದ್ದ. ಒಂದು ದಿನವೂ ಅವನು ಅದರಿಂದ ಕುಡಿದದ್ದನ್ನು ನಾನು ಕಾಣಲಿಲ್ಲ. ಯಮನವ್ವ ಗಂಟೆಗೊಮ್ಮೆ ಅದರಲ್ಲಿ ಕೈ ಅದ್ದಿ ತೆಗೆಯುತ್ತಿದ್ದಳು.

ಆದರೂ ಎರಡು ಸಲ ನೀರು ಕುಡಿದು ಬಂದಳು. ಮೊದಲನೆಯ ಗಾಜು ಒಂದು ಮನೆಯ ಅಜ್ಜನನ್ನು ಬಿಟ್ಟಿತು. ಆತ ಬೆಳಗಿನಿಂದ, "ಸತ್ತೀನೇನಲೇ ನಾನು? ಬಿಡ್ರಿ ನನ್ನ ಕುರ್ಚಿ!" ಎಂದು ಕೂಗಾಡಿ ಓಣಿಯ ಜನರನ್ನೆಲ್ಲ ಸೇರಿಸಿದನಂತೆ. ಎರಡನೆಯದು ಅತ್ತೆಯ ಮನೆಗೆ ಬಂದಿದ್ದ ಅಳಿಯನನ್ನು ಬಿಟ್ಟಿತು. ಯಮನವ್ವ ಈ ಎರಡೂ ಕಥೆಯನ್ನು ತಾನೇ ಹೇಳಿ ಎಲ್ಲರನ್ನೂ ನಗಿಸಿದಳು. ಆಮೇಲೆ ಎರಡು ದಿನ ಸಾಲಿಗೆ ಬರಲಿಲ್ಲ.

ಮೂರನೆಯ ಸಲಕ್ಕೆ ಜೊತೆಗೆ ಹೋಗುವ ಸರದಿ ನನಗೆ ಬಂತು. ಗಾಜನ್ನು ಅವಳು ಮರಳಿನಲ್ಲಿ ಮೂರು ದಿನ ಆರಿಸಿದ್ದಳು. ಎಲ್ಲರೂ ನೋಡಿದೆವು, ಗೆರೆಗಳು ದಾರ ಎಳೆದ ಹಾಗಿದ್ದವು. ಬೆಳಿಗ್ಗೆ ಅದನ್ನು ಕಟ್ಟಿಗೆಯ ಹೊಟ್ಟು ತುಂಬಿದ ಪೆಟ್ಟಿಗೆಯಲ್ಲಿಟ್ಟು ಹೊರಟೆವು. ಅಗಸಿ ಓಣಿಯಲ್ಲಿ ಚನಮಲ್ಲಪ್ಪ ಎಂಬ ಸಿಂಪಿಗನ ಮನೆ, ಒಂದೂವರೆ ಮೈಲಿ. ಬಸ್ ನಿಲ್ದಾಣದ ತಿರುವಿನಲ್ಲಿ ಹಾಲಿನ ಸೈಕಲ್ಲೊಂದು ಅವಳಿಗೆ ತಾಗಿತು. ಪೆಟ್ಟಿಗೆ ಕಟ್ಟೆಗೆ ಬಡಿದು ಮೂಲೆ ಒಡೆಯಿತು, ಹೊಟ್ಟು ರಸ್ತೆಯ ಮೇಲೆಲ್ಲ ಚೆಲ್ಲಿತು. ಯಮನವ್ವ ಗಾಜನ್ನು ಹೊರಗೆ ತೆಗೆದು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಒಡೆದಿರಲಿಲ್ಲ, ಗೀರೂ ಇರಲಿಲ್ಲ. "ಉಳೀತ್ರಿ ಅಕ್ಕಾರ, ಉಳೀತು" ಎಂದು, ಬಿದ್ದ ಕೂಸನ್ನು ಎತ್ತಿಕೊಳ್ಳುವ ಹಾಗೆ ಅದನ್ನು ಅರಿವೆಯಲ್ಲಿ ಸುತ್ತಿ, ಎರಡೂ ಕೈಯಿಂದ ಎದೆಗೆ ಅವಚಿಕೊಂಡಳು. ಉಳಿದ ಒಂದು ಮೈಲಿಯನ್ನು ಹಾಗೇ ನಡೆದಳು.

ನಾನು ಅವಳ ಹಿಂದೆ ನಡೆಯುತ್ತಿದ್ದೆ. ಅವಳ ಬೆರಳುಗಳು ಅರಿವೆಯ ಮೇಲೆ ಒಂದೊಂದಾಗಿ ಬಿಗಿಯುವುದು ಕಾಣುತ್ತಿತ್ತು. ಯಮನವ್ವಾ, ನಿನ್ನ ಅಂಗೈ. ಎರಡೇ ಮಾತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ, ಮತ್ತೆ ಬಂತು, ಮತ್ತೆ ನುಂಗಿದೆ. ಹೇಳಿದರೆ ಈ ಸರದಿ ಹೋಯಿತು, ಹೇಳದಿದ್ದರೆ ಗಾಜು ಹೋಯಿತು. ಕೆಮ್ಮಿದೆ. ಅವಳು ತಿರುಗಿ ನೋಡಿ, "ನೀರ ಕುಡೀತೀರೇನ್ರಿ?" ಅಂದಳು. ಬೇಡ ಎಂದು ತಲೆಯಾಡಿಸಿದೆ.

ಚನಮಲ್ಲಪ್ಪ ಮೆಟ್ಟಿಲ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡು ಕೂತಿದ್ದ. ಅವರ ಗಾಜು ಒಡೆದು ನಾಲ್ಕು ತಿಂಗಳಾಗಿತ್ತು. ಒಳಗೆ ಸೂಜಿಗೆ ದಾರ ಪೋಣಿಸಲಾಗದೆ ಬಿಸಿಲಿನಲ್ಲೇ ಹೊಲಿದು ಹೊಲಿದು ಅವನ ಕುತ್ತಿಗೆ ಕರಿದಾಗಿತ್ತು. "ಬರ್ರಿ ಬರ್ರಿ, ನಿಮ್ಮ ದಾರೀನ ನೋಡಾಕತ್ತಿದ್ನಿ" ಎಂದು ಎದ್ದ. ಮನೆಯಲ್ಲಿ ಐದು ಜನ ಎಂದು ಅವನೇ ಹೇಳಿದ: ಅವನು, ತಾಯಿ ಸಂಗವ್ವ, ಹೆಂಡತಿ ಮಹಾನಂದಾ, ಇಬ್ಬರು ಹೆಣ್ಣುಮಕ್ಕಳು. ಯಮನವ್ವ ನಿಚ್ಚಣಿಕೆ ಹತ್ತಿ ಬಾಗಿಲ ಮೇಲೆ, ಸೂರಿನ ನೆರಳಿನಲ್ಲಿ, ಗಾಜನ್ನು ಕೂಡಿಸಿ ಸುತ್ತ ಅರಗು ಒತ್ತಿದಳು. ಕೆಳಗಿಳಿದು ಅಂಗೈಗಳನ್ನು ಸೀರೆಗೆ ಒರೆಸಿಕೊಂಡಳು. ಆಗ ತನ್ನ ಅಂಗೈಯನ್ನೇ ಒಮ್ಮೆ ನೋಡಿ, ನನ್ನನ್ನು ನೋಡಿದಳು. ನಾನು ಬೇರೆ ಕಡೆ ನೋಡಿದೆ.

ಮನೆಯೊಳಗೆ ಹಗಲಾಗಿತ್ತು. ಚನಮಲ್ಲಪ್ಪ ಯಂತ್ರವನ್ನು ಒಬ್ಬನೇ ಎತ್ತಿ ಪಡಸಾಲೆಯಲ್ಲಿಟ್ಟು, ಒಂದೇ ಸಲಕ್ಕೆ ದಾರ ಪೋಣಿಸಿ, "ಹೋತು ನೋಡ್ರಿ!" ಎಂದು ಕೂಗಿದ. ಸಂಗವ್ವ ಗೂಡಿನ ಧೂಳನ್ನು ಕಂಡು, "ಅಯ್ಯ, ನಾಕ ತಿಂಗಳ ಕಸದಾಗ ಉಂಡೀವೇನೊ" ಎಂದು ಗಲ್ಲ ಬಡಿದುಕೊಂಡಳು. ಮಕ್ಕಳಿಬ್ಬರೂ ಒಬ್ಬರ ಹಲ್ಲನ್ನು ಒಬ್ಬರು ನೋಡಿ ನಕ್ಕರು. ಯಮನವ್ವ ಬೆಳಕನ್ನು ನೋಡಲಿಲ್ಲ. ತುಟಿ ಅಲ್ಲಾಡಿಸುತ್ತ ಎಣಿಸುತ್ತಿದ್ದಳು. ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ನಾನು ಕೂತಲ್ಲಿಂದ ಒಳಗೆ ಕಾಣುತ್ತಿತ್ತು. ಒಲೆ ಕಂಡಿತು, ಹಂಚು ಕಂಡಿತು, ಬಿಳಿ ಹಿಟ್ಟು ಕಂಡಿತು. ಮಣೆಯ ಮೇಲೆ ರೊಟ್ಟಿಯೊಂದು ತನ್ನಷ್ಟಕ್ಕೆ ತಾನೇ ತಿರುಗುತ್ತ ಅಗಲವಾಗುತ್ತಿತ್ತು. ಅದರ ಹಿಂದೆ ಕೂತ ಹೆಂಗಸಿನ ಆಕಾರದಲ್ಲಿ ಕತ್ತಲೆ ಕೂತಿತ್ತು.

ಯಮನವ್ವ ಪಡಸಾಲೆಗೆ ಬಂದು, "ಅಣ್ಣಾರ, ಐದು ಮಂದಿ ಅಂದಿದ್ರಿ. ನನಗ ನಾಕ ತಲಿ ಕಾಣತಾವ" ಅಂದಳು. ಚನಮಲ್ಲಪ್ಪ ಒಳಗೆ ಇಣುಕಿದ. ಅವನ ನಗು ಅರ್ಧಕ್ಕೆ ನಿಂತಿತು. ಸ್ವಲ್ಪ ಹೊತ್ತು ಬಾಗಿಲ ಮರವನ್ನು ಉಗುರಿನಿಂದ ಕೆರೆದ. ಅವನು ಕೆಟ್ಟ ಮನುಷ್ಯನಲ್ಲ, ನಾಲ್ಕು ತಿಂಗಳು ದಣಿದ ಮನುಷ್ಯ. "ಆಕಿ ಅಡಗಿಮನ್ಯಾಗ ಇರಾಕಿರಿ. ಕತ್ತಲ್ಯಾಗ ಮಾಡಿ ರೂಢಿ ಐತಿ" ಅಂದ. "ಈ ಗಾಜು ತಗದ್ರ ಮತ್ತ ಆರ ತಿಂಗಳು. ಮದವಿ ಸುಗ್ಗಿ ಬಂತು, ಹೊಲಿಯೂದು ಹೆಂಗ್ರಿ? ನೀವೂ ಪಾಸ್ ಆಗ್ರಿ, ನಮಗೂ ಬೆಳಕಾತು. ಕೈ ತೊಳಕೋರಿ. ಅವ್ವಾ, ತಾಟ ಹಾಕಸು." ಸಂಗವ್ವ ಒಳಗೆ ಕೂಗಿದಳು, "ಏ ಮಹಾನಂದಾ, ಅಡಗಿ ಆತೇನ?"

ನಲವತ್ತು ವರ್ಷದ ಹಿಂದಿನ ಕಪ್ಪು ಕೈ ನನ್ನ ಕಣ್ಣ ಮುಂದೆ ಬಂತು. ಯಮನವ್ವ ಕೈ ತೊಳೆಯಲು ಏಳುತ್ತಾಳೆ ಎಂದೇ ಅಂದುಕೊಂಡೆ. ಎದ್ದರೆ ನಾನು ತಪ್ಪು ಹೇಳುವ ಹಾಗಿರಲಿಲ್ಲ. ಖಾನಾವಳಿಯ ಆ ಹಿಂದಿನ ಕೋಣೆ, ಆ ನಾಲ್ವರು, ಎರಡು ವರ್ಷದ ಕೆಲಸ, ಎಲ್ಲ ಒಂದು ತಟ್ಟೆಯಾಚೆಗಿತ್ತು. ಅವಳು ಎದ್ದಳು. ಬಚ್ಚಲಿನ ಕಡೆ ಹೋಗಲಿಲ್ಲ. "ನನಗ ಹಸಿವಿಲ್ರಿ ಅಣ್ಣಾರ" ಅಂದಳು. "ಐದು ಮಂದೀನೂ ಕಂಡ ಮ್ಯಾಲೆ ಕೈ ತೊಳಕೊಂತೀನಿ." ಚನಮಲ್ಲಪ್ಪನಿಗೆ ರೇಗಿತು. "ಕಾಣದಿದ್ರ?" "ಕಾಣದಿದ್ರ ನೀರ ಕೊಡ್ರಿ, ಕುಡದು ಹೋಗತೀನಿ. ಗಾಜು ಬಿಚ್ಚಿಕೊಂಡ ಹೋಗತೀನಿ." ಅವನು ಯಂತ್ರದ ಮುಂದೆ ಕೂತು ಚಕ್ರವನ್ನು ಸುಮ್ಮನೆ ತಿರುಗಿಸತೊಡಗಿದ. ಸೂಜಿಯ ಕೆಳಗೆ ಬಟ್ಟೆ ಇರಲಿಲ್ಲ.

ಯಮನವ್ವ ಅಡುಗೆಮನೆಗೆ ಹೋಗಿ ಆ ಕತ್ತಲೆಯ ಎದುರು ಮೊಣಕಾಲೂರಿ ಕೂತಳು. ಅವಳು ಹೇಳಿದ್ದು ನನಗೆ ಕೇಳಿಸುತ್ತಿತ್ತು. "ತಂಗೀ, ನನ್ನ ಗಾಜು ನಿನ್ನ ಬಿಟ್ಟೈತಿ. ತಪ್ಪು ನಂದು. ದಾರ್ಯಾಗ ಎದಿಗೆ ಅವಚಿಕೊಂಡ ಬಂದೆ, ಕಾದು ಕುಂತೈತಿ. ಆರಿದ್ರ ನೀನು ಬರಬಹುದು. ಬರದನೂ ಇರಬಹುದು, ನಾ ಸುಳ್ಳು ಹೇಳಂಗಿಲ್ಲ. ಹೊರಗ ನೆರಳು ಮೂರನೇ ಮೆಟ್ಟಿಲಿಗೆ ಬರೂತನಾ ಟೈಮ್ ಐತಿ." ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಆಮೇಲೆ ಒಂದು ಸಣ್ಣ ಧ್ವನಿ, "ನಿಮ್ಮ ಕೈ ತೋರಸ್ರಿ" ಅಂದಿತು. ಯಮನವ್ವ ಅಂಗೈ ಚಾಚಿದಳು. ಕತ್ತಲೆ ಅದನ್ನು ಮುಟ್ಟಿರಬೇಕು. "ನಂದೂ ಹಿಂಗ ಇರತಾವ" ಅಂದಿತು ಧ್ವನಿ.

ಒಲೆಯ ಮೇಲೆ ಬೇಳೆಯ ಪಾತ್ರೆ ಇತ್ತು. ಬೇಳೆ ಬೆಂದು ಒಡೆದು ಕುದಿಯುವುದನ್ನು ನಾನು ಕೂತಲ್ಲಿಂದಲೇ ಕಂಡಿದ್ದೆ, ವಾಸನೆಯೂ ಬಂದಿತ್ತು. ಸಂಗವ್ವ ಮತ್ತೊಮ್ಮೆ ಕೂಗಿದಾಗ ಒಳಗಿನಿಂದ, "ಇನ್ನೂ ಆಗಿಲ್ರಿ ಅತ್ತಿ, ಬ್ಯಾಳಿ ಬೇಯವಲ್ದು" ಎಂಬ ಮಾತು ಬಂತು. ಪಾತ್ರೆ ತಾನಾಗಿ ಎದ್ದು ಒಲೆಯಿಂದ ಇಳಿಯಿತು. ಮೂಲೆಯ ಪುಟ್ಟಿಯಿಂದ ಪುಂಡಿಪಲ್ಲೆಯ ಸಿವುಡೊಂದು ನೆಲಕ್ಕೆ ಬಂದು, ಎಲೆ ಎಲೆಯಾಗಿ ಬಿಡಿಸಿಕೊಳ್ಳತೊಡಗಿತು, ಅಷ್ಟು ನಿಧಾನವಾಗಿ ಪಲ್ಲೆ ಸೋಸಿದ್ದನ್ನು ನಾನು ಎಂದೂ ನೋಡಿಲ್ಲ. ಯಮನವ್ವ ಹೊರಗೆ ಬಂದು ಬಾಗಿಲ ಪಕ್ಕ ಕೂತಳು. ತನ್ನ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದಳು, ಅವು ಇನ್ನೇನಾದರೂ ಮಾಡಿಬಿಟ್ಟಾವು ಎಂಬ ಹಾಗೆ.

ಸಂಗವ್ವನಿಗೆ ಅನುಮಾನ ಬಂತು. "ತೊಗರಿಬ್ಯಾಳಿ ಬೇಯಾಕ ಎಷ್ಟೊತ್ತು? ನಾ ನೋಡತೀನಿ ತಡಿ" ಎಂದು ಏಳಲು ಗೋಡೆಗೆ ಕೈ ಊರಿದಳು. ನಾನು ಗಾಜಿನ ಬಗ್ಗೆ ಮಾತಾಡುವ ಹಾಗಿರಲಿಲ್ಲ. ಮೊಣಕಾಲ ನೋವಿನ ಬಗ್ಗೆ ಮಾತಾಡಬಾರದು ಎಂದು ಯಾರೂ ಹೇಳಿರಲಿಲ್ಲ. "ಏಳೂವಾಗ ಬಲಗಾಲ ಹಿಡಿತೈತೇನ್ರಿ? ನನಗೂ ಹಂಗ" ಅಂದೆ. ಆಕೆ ಕೂತಳು. ಬಲಗಾಲು ಯಾವಾಗ ಹಿಡಿಯಿತು, ಎಡಗಾಲಿಗೆ ಯಾವ ಎಣ್ಣೆ ತಿಕ್ಕಿದರು, ಯಾವ ಡಾಕ್ಟರು ಏನೆಂದರು, ಎಲ್ಲ ಹೇಳಿದಳು. ನಾನು ನನ್ನದನ್ನು ಹೇಳಿದೆ, ಇಲ್ಲದ ನೋವನ್ನೂ ಒಂದೆರಡು ಸೇರಿಸಿದೆ. ಮಾತಾಡುತ್ತ ಬಾಗಿಲಾಚೆ ನೋಡುತ್ತಿದ್ದೆ. ನೆರಳು ಮೊದಲನೆಯ ಮೆಟ್ಟಿಲಿನ ಮೇಲಿತ್ತು.

ಅಡುಗೆಮನೆಯಲ್ಲಿ ಏನೂ ಬದಲಾಗಿರಲಿಲ್ಲ. ಹಿರಿಯ ಹುಡುಗಿ ಬಾಗಿಲಲ್ಲಿ ನಿಂತು, "ಅವ್ವಾ, ನೀ ಕರ್ರಗ ಅದೀ" ಅಂದಳು. "ಹೌದವಾ" ಅಂದಿತು ಕತ್ತಲೆ. "ಬೆಕ್ಕಿಗೂ ಬೆಳಕು ಬಿದ್ದೈತಿ, ನಿನಗ ಇಲ್ಲ." ಚನಮಲ್ಲಪ್ಪ ಚಕ್ರ ತಿರುಗಿಸುವುದನ್ನು ನಿಲ್ಲಿಸಿದ. "ಸುಮ್ಮ ಕೂಡ ಬಾ ಇಲ್ಲೆ" ಎಂದು ಮಗಳನ್ನು ಗದರಿದ. ಆಮೇಲೆ ಎದ್ದು ತಾನೇ ಹೋಗಿ ಅಡುಗೆಮನೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತ. ಬೆನ್ನು ನಮ್ಮ ಕಡೆ ಇತ್ತು. ಹಿಂದಿರುಗಿ ಬಂದು ಯಂತ್ರವನ್ನು ಮತ್ತೆ ಎತ್ತಿ, ಹೊರಗಿನ ಮೆಟ್ಟಿಲ ಮೇಲೆ ಬಿಸಿಲಿಗಿಟ್ಟು, ಅಲ್ಲಿ ಕೂತು ಹೊಲಿಯತೊಡಗಿದ. ಯಮನವ್ವ ನೀರು ಕುಡಿದು ಹೋದರೂ ಅಡ್ಡಿಯಿಲ್ಲ ಎಂದು ಅವನು ಹೇಳಿದ ರೀತಿ ಅದು.

ನೆರಳು ಎರಡನೆಯ ಮೆಟ್ಟಿಲಿಗೆ ಇಳಿಯಿತು. ಪುಂಡಿಪಲ್ಲೆ ಒಲೆಗೇರಿತು, ಬೆಂದ ಬೇಳೆಯೂ ಮತ್ತೊಮ್ಮೆ ಒಲೆಗೇರಿತು. ಸಂಗವ್ವನ ಮೊಣಕಾಲು ಮುಗಿದು ಸೊಂಟ ಶುರುವಾಗಿತ್ತು. ಈಗ ನನ್ನ ಭಯ ಬೇರೆಯಾಯಿತು. ಒಳಗಿರುವವಳಿಗೆ ಮೆಟ್ಟಿಲು ಕಾಣುವುದಿಲ್ಲ. ಗಾಜು ಆರಲಿ ಎಂದು ಇನ್ನೂ ಒಂದು ರೊಟ್ಟಿ, ಇನ್ನೂ ಒಂದು ಒಗ್ಗರಣೆ ಎನ್ನುತ್ತ ಅವಳು ಹೊತ್ತು ಮೀರಿಸಿಬಿಟ್ಟರೆ? ಬೇಗ ಬಂದರೆ ಕಪ್ಪು ಕೈ, ತಡವಾದರೆ ನೀರು. ಯಮನವ್ವ ಗಾಜಿನ ಕಡೆ ತಲೆ ಎತ್ತುತ್ತಲೇ ಇರಲಿಲ್ಲ. ಹೊರಗೆ ಹೊಲಿಗೆಯ ಸದ್ದು ನಿಂತಿತು. ಚನಮಲ್ಲಪ್ಪ, ಯಾರಿಗೂ ಹೇಳದವನ ಹಾಗೆ, ಗಟ್ಟಿಯಾಗಿ, "ಎರಡನೇ ಮೆಟ್ಟಿ ಮುಗೀತು" ಅಂದ. ಸ್ವಲ್ಪ ಬಿಟ್ಟು, "ಮೂರನೇದಕ್ಕ ನಾಕ ಬೆರಳು ಐತಿ" ಅಂದ. ಒಳಗೆ ರೊಟ್ಟಿ ಬಡಿಯುವ ಸದ್ದು ಜೋರಾಯಿತು.

"ಎರಡ ಬೆರಳು" ಅಂದ ಚನಮಲ್ಲಪ್ಪ.

ನಾನು ಅಡುಗೆಮನೆಯನ್ನೇ ನೋಡುತ್ತಿದ್ದೆ. ರೊಟ್ಟಿಯ ಅಂಚಿನಲ್ಲಿ ಹಿಟ್ಟು ಮೆತ್ತಿದ ಏನೋ ಒಂದು ಅಲುಗಿತು. ಹಿಟ್ಟೇ ಇರಬೇಕು ಅಂದುಕೊಂಡೆ. ನಲವತ್ತು ವರ್ಷದ ಹಿಂದೆಯೂ ಹೀಗೇ ಏನೋ ಒಂದು ಅಂದುಕೊಂಡಿದ್ದೆನಲ್ಲ, ಆದ್ದರಿಂದ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ನೋಡಿದೆ. ಹೆಬ್ಬೆರಳು. ಉಗುರಿನ ಪಕ್ಕ ಸುಟ್ಟ ಗಾಯದ ಹಳೆಯ ಕಲೆ. ಆಮೇಲೆ ಉಳಿದ ಬೆರಳುಗಳು, ಹಸಿರು ಬಳೆ ನಾಲ್ಕು, ಮೊಣಕೈ. ಬೆಳಕು ಅವಳ ಮೇಲೆ ಸುರಿಯಲಿಲ್ಲ, ಹಿಟ್ಟು ನೀರನ್ನು ಹೀರುವ ಹಾಗೆ ಅವಳು ಅದನ್ನು ಮೆಲ್ಲಗೆ ತೆಗೆದುಕೊಂಡಳು. ಹುಡುಗಿ "ಯಪ್ಪಾ!" ಎಂದು ಹೊರಗೆ ಓಡಿದಳು. ಸಂಗವ್ವ ಸೊಂಟದ ಮಾತನ್ನು ಅರ್ಧಕ್ಕೆ ಬಿಟ್ಟಳು.

ನೆರಳಿಗೆ ಇನ್ನೂ ಒಂದು ಬೆರಳು ಉಳಿದಿರುವಾಗ ಮಹಾನಂದಾ ತಟ್ಟೆ ಹಿಡಿದು ಬಾಗಿಲಿಗೆ ಬಂದಳು. ದುಂಡು ಮುಖ, ಹಣೆಯ ಮೇಲೆ ಬೆವರು, ಗಲ್ಲಕ್ಕೆ ಹಿಟ್ಟು. ನಾವೆಲ್ಲ ತನ್ನನ್ನೇ ನೋಡುತ್ತಿದ್ದೇವೆ ಎಂದು ತಿಳಿದು ಅವಳ ಎಡಗೈ ಸೆರಗಿಗೆ ಹೋಯಿತು. ಶಾವಂತ್ರವ್ವ ನೆನಪಾದಳು. ಅವಳು ಸೆರಗಿನಿಂದ ಹಣೆ ಒರೆಸಿಕೊಂಡು ಅದನ್ನು ಸೊಂಟಕ್ಕೆ ಸಿಕ್ಕಿಸಿದಳು, ಅಷ್ಟೆ. ಯಮನವ್ವನ ಮುಂದೆ ಕೂತು ತಟ್ಟೆಯನ್ನು ಅವಳ ಎರಡೂ ಅಂಗೈಗಳ ಮೇಲೆ ಇಟ್ಟಳು. ಎರಡು ರೊಟ್ಟಿ, ಪುಂಡಿಪಲ್ಲೆ, ಅತಿಯಾಗಿ ಬೆಂದು ನೀರಾದ ಬೇಳೆ.